ಅತ್ತಿಗೆಯ ಮಾತು, ನನ್ನ ಪ್ರಬಂಧ

ನನಗೆ ಇಂಗ್ಲಿಷ್ ಮೇಷ್ಟರ ಕೆಲಸ ಕೊಡಿಸಿದ್ದು ಒಂದು ಪ್ರಬಂಧ. ಈ ಕಾಲದ ಬ್ರಿಟಿಷ್ ಸಾಹಿತ್ಯ ಹೆಚ್ಚೋ, ಅಮೆರಿಕನ್ ಸಾಹಿತ್ಯ ಹೆಚ್ಚೋ ಎಂದು ತೂಗಿ ನೋಡುವ ಹನ್ನೆರಡು ಪುಟದ ಪ್ರಬಂಧ. ಬರೆದವನು ನಾನು. ಅದರಲ್ಲಿ ಓದಬೇಕಾದಂಥದ್ದು ಏನಿತ್ತೋ ಅದನ್ನು ಹೇಳಿದವಳು ಇಂಗ್ಲಿಷಿನ ಒಂದಕ್ಷರವೂ ಬಾರದ ನಮ್ಮ ಅತ್ತಿಗೆ. ಈ ಮಾತನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಯಾರೆದುರು ಹೇಳಿದರೆ ತಲೆ ತಗ್ಗಿಸಬೇಕಾಗಿತ್ತೋ ಅವರೆಲ್ಲ ಹೋದ ಮೇಲೆ ಈಗ ಬರೆಯುತ್ತಿದ್ದೇನೆ. ಇದರಲ್ಲಿ ಧೈರ್ಯವೇನೂ ಇಲ್ಲವೆಂದು ನನಗೆ ಗೊತ್ತು.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ನಡುಮನೆಯಲ್ಲಿ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯುವ ಎರಡು ಗುಂಡಿಮಗ್ಗ. ಒಂದರಲ್ಲಿ ಅಪ್ಪ ಕೂರುತ್ತಿದ್ದ, ಇನ್ನೊಂದರಲ್ಲಿ ಅಣ್ಣ. ಅವ್ವ ರಾಟೆ ತಿರುಗಿಸಿ ನೂಲು ಸುತ್ತಿ ಕೊಡುತ್ತಿದ್ದಳು. ಅತ್ತಿಗೆ ಅಲ್ಲೇ ದೇವನಹಳ್ಳಿ ಕಡೆಯ ವಿಜಯಪುರದ ಹೆಣ್ಣು. ಅವಳೂ ನೇಕಾರರ ಮನೆಯಲ್ಲೇ ಹುಟ್ಟಿದವಳು. ಕನ್ನಡದಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಅವಳು ನಮ್ಮ ಮನೆಗೆ ಬಂದಾಗ ನಾನಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದೆ. ನನ್ನ ಕಾಲೇಜಿನ ಖರ್ಚಿನ ಮಾತು ಬಂದಾಗ ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರೆ, "ಒಬ್ಬನಾದ್ರೂ ಈ ಗುಂಡಿಯಿಂದ ಮೇಲೆ ಹತ್ಲಿ ಬಿಡಿ" ಎಂದವಳು ಅವಳು.

ಎರಡನೇ ಮಹಾಯುದ್ಧ ಜೋರಾದಂತೆ ನೂಲಿಗೆ ಬರ ಬಂತು. ನೂಲೆಲ್ಲ ಸರ್ಕಾರದ ಕಂಟ್ರೋಲಿಗೆ ಸೇರಿತು. ತಿಂಗಳಿಗೆ ಒಂದು ವಾರ, ಬಹಳವೆಂದರೆ ಹತ್ತು ದಿನ ನೇಯುವಷ್ಟು ನೂಲು ಸಿಗುತ್ತಿತ್ತು. ಉಳಿದ ದಿನ ಬೀದಿಯ ಉದ್ದಕ್ಕೂ ಮಗ್ಗದ ಸದ್ದಿಲ್ಲ. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಬೆಳೆದವರಿಗೆ ಆ ಮೌನ ತಡೆಯಲಾಗುತ್ತಿರಲಿಲ್ಲ. ಅಣ್ಣನಿಗಂತೂ ಆಗಲೇ ಇಲ್ಲ. ನೂಲು ವಿಚಾರಿಸಿಕೊಂಡು ಬರುತ್ತೇನೆಂದು ಬೆಂಗಳೂರಿಗೆ ಹೋದವನು ಮಿಲಿಟರಿಗೆ ಹೆಸರು ಬರೆಸಿ ಬಂದ. ಬಂದೂಕು ಹಿಡಿಯುವ ಕೆಲಸವಲ್ಲ, ಅಸ್ಸಾಮಿನ ಕಡೆ ರಸ್ತೆ ಮಾಡುವ ಪಡೆ ಎಂದ. ಅವ್ವ ಎರಡು ದಿನ ತೆಲುಗಿನಲ್ಲಿ ಬೈದಳು. ತುಂಬ ಸಿಟ್ಟು ಬಂದಾಗ ಅವಳು ತನ್ನ ತವರಿನ ಭಾಷೆಗೆ ತಿರುಗುತ್ತಿದ್ದಳು. ಅಣ್ಣ ಹೋದ ಮೇಲೆ ಮೊದಲ ಸಲ ನೂಲು ಬಂದ ದಿನ ಅತ್ತಿಗೆ ಸೀರೆ ಎತ್ತಿ ಕಟ್ಟಿ ಅವನ ಮಗ್ಗದಲ್ಲಿ ಕೂತಳು. ನಮ್ಮ ಬೀದಿಯಲ್ಲಿ ಹೆಂಗಸರು ನೂಲು ಸುತ್ತುವುದು, ಗಂಡಸರು ನೇಯುವುದು ವಾಡಿಕೆ. ಯಾರೋ ಬಂದು ಅಪ್ಪನ ಹತ್ತಿರ ಏನೋ ಅಂದರು. ಅಪ್ಪ, "ಲಾಳಿಗೆ ಗಂಡ್ಸು ಹೆಂಗ್ಸು ಅಂತ ಗೊತ್ತಾಗಲ್ಲ ಹೋಗ್ರಯ್ಯ" ಎಂದು ಕಳಿಸಿಬಿಟ್ಟ.

ನಾನು ಬೆಂಗಳೂರಿನಲ್ಲಿ ನಮ್ಮ ಜನದ ಉಚಿತ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ಶನಿವಾರ ಮಧ್ಯಾಹ್ನದ ರೈಲಿಗೆ ಊರಿಗೆ ಬಂದು ಭಾನುವಾರ ಸಂಜೆ ಹೊರಡುತ್ತಿದ್ದೆ. ಕಾಲೇಜಿನ ಲೈಬ್ರರಿಯಿಂದ ತಂದ ಕಾದಂಬರಿ ಯಾವಾಗಲೂ ಚೀಲದಲ್ಲಿರುತ್ತಿತ್ತು. ಲೈಬ್ರರಿಯಲ್ಲಿ ಇದ್ದದ್ದೆಲ್ಲ ಇಂಗ್ಲೆಂಡಿನವೇ. ಹಸಿರು, ಕಂದು ಬಟ್ಟೆಯ ರಟ್ಟಿನ ದಪ್ಪ ಪುಸ್ತಕಗಳು.

ಒಂದು ಭಾನುವಾರ ಊಟವಾದ ಮೇಲೆ ಕಂಬಕ್ಕೆ ಒರಗಿ ಓದುತ್ತಾ ಕೂತಿದ್ದೆ. ಆ ವಾರ ನೂಲಿರಲಿಲ್ಲ. ಅತ್ತಿಗೆ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಓದುತ್ತಿದ್ದ ಜಾಗದಲ್ಲಿ ನನಗೆ ನಗು ಬಂತು.

"ಒಬ್ನೇ ನಗ್ತೀಯಲ್ಲಪ್ಪ. ನಮಗೂ ಹೇಳು."

"ಇದು ನಿಂಗೆ ಅರ್ಥ ಆಗಲ್ಲ ಅತ್ತಿಗೆ. ಇಂಗ್ಲೆಂಡಿನ ದೊಡ್ಡ ಮನೆಯವರ ಕತೆ."

"ಮನೆಯೋರ ಕತೆ ತಾನೆ? ಹೇಳು."

ಹೇಳಿದೆ. ಹಳ್ಳಿಗಾಡಿನಲ್ಲಿ ಒಂದು ದೊಡ್ಡ ಮನೆ. ಹಿರಿಯ ಮಗ ಅದನ್ನು ಮಾರಲು ತೀರ್ಮಾನಿಸಿದ್ದಾನೆ. ಎಲ್ಲರಿಗೂ ಅದು ಗೊತ್ತು, ಆದರೆ ಯಾರೂ ಬಾಯಿ ಬಿಡುವುದಿಲ್ಲ. ಮೂರು ದಿನ ಎಲ್ಲರೂ ಒಟ್ಟಿಗೆ ಕೂತು ಟೀ ಕುಡಿಯುತ್ತಾರೆ, ತೋಟದಲ್ಲಿ ಓಡಾಡುತ್ತಾರೆ, ಅಣ್ಣ ತಂಗಿ ಕಿಟಕಿಯ ಹತ್ತಿರ ನಿಂತು ಮೋಡದ ವಿಷಯ ಮಾತಾಡುತ್ತಾರೆ. ಕೊನೆಯಲ್ಲಿ ತಂಗಿ ತನ್ನ ಕೋಣೆಯ ಪರದೆಯನ್ನು ಬಿಚ್ಚಿ ಮಡಿಸುತ್ತಾಳೆ. ಅಷ್ಟೇ ಕತೆ. ಕೇಳಿದ ಮೇಲೆ ಬೇಸರವಾಯಿತು ಎನ್ನುತ್ತಾಳೆಂದು ಕಾದೆ.

"ಟೀ ಬಂತು, ಟೀ ಬಂತು ಅಂದ್ಯಲ್ಲ. ಯಾರು ಕಾಸಿದ್ರು?"

"ಬರೆದಿಲ್ಲ. ಆಳು ಕಾಸಿರ್ತಾಳೆ."

"ಅವಳ ಹೆಸ್ರೇನು?"

ಪುಟ ತಿರುವಿದೆ. ಎಲ್ಲೋ ಒಂದು ಕಡೆ ಒಂದು ಸಲ ಹೆಸರು ಬಂದಿತ್ತು. ಹೇಳಿದೆ.

"ಮನೆ ಮಾರೋ ವಿಷ್ಯ ಅವಳಿಗೂ ಗೊತ್ತಿತ್ತಾ?"

"ಅದೂ ಬರೆದಿಲ್ಲ ಅತ್ತಿಗೆ."

"ಗೊತ್ತಿರುತ್ತೆ. ಎಲ್ರಿಗಿಂತ ಮೊದ್ಲು ಅವಳಿಗೇ ಗೊತ್ತಾಗಿರುತ್ತೆ. ಬರ್ದೋನಿಗೆ ಅದು ಹೊಳ್ದಿಲ್ಲ." ಮೊರ ಕೊಡವುತ್ತಾ ಮತ್ತೆ ಹೇಳಿದಳು: "ಆದ್ರೆ ಒಂದು. ಅಣ್ಣ ತಂಗಿ ಕಿಟಕಿ ಹತ್ರ ನಿಂತ್ಕೊಂಡು ಮೋಡದ ವಿಷ್ಯ ಮಾತಾಡ್ತಾರೆ ಅಂದ್ಯಲ್ಲ. ಅವ್ರು ಮಾತಾಡಿದ್ದು ಮೋಡದ ವಿಷ್ಯ ಅಲ್ಲ. ಅದನ್ನ ಬರ್ಯೋದು ಸುಲಭ ಅಲ್ಲ ಕಣಪ್ಪ. ನಮ್ಮನೇಲೂ ಹಂಗೇ ತಾನೆ? ನಿಮ್ಮಣ್ಣ ಹೋದಾಗ್ನಿಂದ ಅತ್ತೆ ನನ್ ಜೊತೆ ನೂಲಿನ ವಿಷ್ಯ ಬಿಟ್ಟು ಇನ್ನೇನೂ ಮಾತಾಡಿಲ್ಲ."

ಕಾಲೇಜಿನಲ್ಲಿ ನಮ್ಮ ಪ್ರೊಫೆಸರರು ಆ ಕಾದಂಬರಿಯ ಮೇಲೆ ನಾಲ್ಕು ಪಾಠ ಮಾಡಿದ್ದರು. ಆ ನಾಲ್ಕರಲ್ಲೂ ಟೀ ಕಾಸಿದವಳ ಮಾತು ಬಂದಿರಲಿಲ್ಲ.

ಅಂದಿನಿಂದ ಅದು ರೂಢಿಯಾಯಿತು. ವಾರವೆಲ್ಲ ನಾನು ಓದುವುದು, ಭಾನುವಾರ ಮಧ್ಯಾಹ್ನ ಹೇಳುವುದು. ನೂಲಿದ್ದರೆ ಅವಳು ಮಗ್ಗದಲ್ಲಿ ಕೂತು ಕೇಳುತ್ತಿದ್ದಳು. ಕತೆ ಬಿಗಿಯಾದಾಗ ಎಳೆಗಳ ನಡುವೆ ಓಡುವ ಲಾಳಿ ನಿಧಾನವಾಗುತ್ತಿತ್ತು, ಸಪ್ಪೆಯಾದಾಗ ವೇಗವಾಗುತ್ತಿತ್ತು. ಅವ್ವ ರಾಟೆಯ ಮುಂದೆ ಕೂತು ಅರ್ಧ ಕೇಳಿ ಅರ್ಧ ತೂಕಡಿಸುತ್ತಿದ್ದಳು. ಅಪ್ಪ ಮಾತ್ರ, "ಬಿಳೀ ಜನ ನಮ್ಮ ನೂಲು ತಗೊಂಡು ಹೋದ್ರು, ಇವ್ನು ಅವರ ಕತೆ ತಗೊಂಡು ಬರ್ತಾನೆ" ಎಂದು ಗೊಣಗಿ ಹೊರಗೆ ಜಗಲಿಗೆ ಹೋಗುತ್ತಿದ್ದ.

ಅಮೆರಿಕದ ಪುಸ್ತಕಗಳು ಬಂದದ್ದು ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯಿಂದ. ಆಗ ಬೆಂಗಳೂರಿನ ದಂಡಿನಲ್ಲಿ ಎಲ್ಲಿ ನೋಡಿದರೂ ಸೋಲ್ಜರುಗಳು. ಅಮೆರಿಕದ ಸೋಲ್ಜರುಗಳಿಗೆ ಅವರ ಸರ್ಕಾರ ಜೇಬಿನಲ್ಲಿ ಹಿಡಿಯುವಂಥ ಪುಸ್ತಕಗಳನ್ನು ಅಚ್ಚು ಹಾಕಿಸಿ ಕೊಡುತ್ತಿತ್ತು. ಉದ್ದಕ್ಕಿಂತ ಅಗಲ ಹೆಚ್ಚು, ಪುಟಕ್ಕೆ ಎರಡು ಕಾಲಂ, ಬೆನ್ನಿಗೆ ತಂತಿಯ ಹೊಲಿಗೆ. ಓದಿ ಬಿಸಾಕಿದ್ದು ಹಳೇ ಪೇಪರ್ ಅಂಗಡಿ ಸೇರುತ್ತಿತ್ತು. ಕಡಲೆಕಾಯಿ ಪೊಟ್ಟಣವಾಗುವ ಮುಂಚೆ ಅವನ್ನು ಹೆಕ್ಕಿಕೊಂಡು ಬರುವುದು ನನಗೊಂದು ಚಟವಾಯಿತು. ನಮ್ಮ ಪ್ರೊಫೆಸರರಿಗೆ ಅಮೆರಿಕದವರೆಂದರೆ ಆಗುತ್ತಿರಲಿಲ್ಲ. ಪ್ರೊಫೆಸರರು ಇಂಗ್ಲೆಂಡಿನಲ್ಲಿ ಓದಿ ಬಂದ ನಮ್ಮ ನಾಡಿನವರೇ. ಎಂಥ ಬಿಸಿಲಿನಲ್ಲೂ ಕೋಟು ಬಿಚ್ಚುತ್ತಿರಲಿಲ್ಲ. ಅಮೆರಿಕದ್ದು ಇನ್ನೂ ಮೀಸೆ ಮೂಡದ ಸಾಹಿತ್ಯ ಎನ್ನುತ್ತಿದ್ದರು. ನಾವೂ ನಗುತ್ತಿದ್ದೆವು.

ಅಂಥದ್ದರಲ್ಲಿ ಮೊದಲು ನಾನು ಅತ್ತಿಗೆಗೆ ಹೇಳಿದ್ದು ಸೇಬಿನ ಲಾರಿ ಓಡಿಸುವ ಒಬ್ಬನ ಕತೆ. ಊರಿಂದೂರಿಗೆ ಹೋಗುತ್ತಾನೆ, ಎಲ್ಲೂ ನಿಲ್ಲುವುದಿಲ್ಲ. ದಾರಿಯಲ್ಲಿ ಚಕ್ರ ಒಡೆದು ಬದಲಾಯಿಸುವುದೇ ನಾಲ್ಕು ಪುಟ. ನಾನು ಅದನ್ನು ಹಾರಿಸಿ ಮುಂದೆ ಹೋದೆ. ಅವಳು ತಡೆದಳು.

"ಚಕ್ರ ಹೆಂಗೆ ಬಿಚ್ಚಿದ?"

"ಅದೆಲ್ಲ ಯಾಕೆ ಅತ್ತಿಗೆ?"

"ಅವ್ನು ಬರ್ದಿದ್ದಾನಲ್ಲ. ಹೇಳು."

ನಾಲ್ಕು ಪುಟವನ್ನೂ ಹೇಳಿದೆ. ಕಲ್ಲು ಒಟ್ಟುಗೂಡಿಸಿ ಲಾರಿ ಎತ್ತಿದ್ದು, ತುಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಟ್ಟು ಕಾದದ್ದು, ಕೈ ಜಾರಿ ಗೆಣ್ಣು ಕಿತ್ತುಹೋದದ್ದು. ಅವಳು ಮಗ್ಗ ನಿಲ್ಲಿಸಿ ಕೇಳಿದಳು. "ಇದು ಕೈಯಲ್ಲಿ ಕೆಲ್ಸ ಮಾಡ್ದೋನೇ ಬರ್ದಿರೋದು" ಎಂದಳು. ಅಣ್ಣ ಅಸ್ಸಾಮಿನಲ್ಲಿ ರಸ್ತೆಗೆ ಕಲ್ಲು ಹೊರುತ್ತಿದ್ದುದರಿಂದ ಅವಳಿಗೆ ಅದು ತಟ್ಟಿತೆಂದು ನಾನು ಅಂದುಕೊಂಡೆ. ಅದು ಅಷ್ಟೇ ಅಲ್ಲವೆಂದು ಆಮೇಲೆ ತಿಳಿಯಿತು. ಇನ್ನೂ ಮೂರು ನಾಲ್ಕು ಅಮೆರಿಕನ್ ಕತೆಗಳನ್ನು ಕೇಳಿದ ಮೇಲೆ ಒಂದು ಭಾನುವಾರ, ಕೇಳಲೋ ಬೇಡವೋ ಎನ್ನುವ ಹಾಗೆ ಕೇಳಿದಳು:

"ಈ ಅಮೆರಿಕಾದವರ ಕತೇಲಿ ಯಾರಿಗೂ ಅಜ್ಜಿ ಇರಲ್ವಾ?"

ನಾನು ನಕ್ಕೆ. ಆಮೇಲೆ ಯೋಚಿಸಿದೆ. ಹೌದು, ಒಂದರಲ್ಲೂ ಅಜ್ಜಿ ಇರಲಿಲ್ಲ.

"ಅಜ್ಜಿ ಇಲ್ದೋನು ಎಲ್ಲಿಗೆ ಬೇಕಾದ್ರೂ ಹೋಗ್ಬಹುದು. ತಡಿಯೋರಿಲ್ಲ. ಆದ್ರೆ ಹೋದ ಊರಲ್ಲಿ ನೀನ್ಯಾರ ಮಗ ಅಂತ ಕೇಳೋರೂ ಇಲ್ಲ. ಪಾಪ." ಲಾಳಿಯನ್ನು ಎರಡು ಸಲ ಆ ಕಡೆ ಈ ಕಡೆ ಓಡಿಸಿ ಹೇಳಿದಳು: "ಬಿಳೀ ಜನ ಅಂದ್ರೆ ಎಲ್ಲ ಒಂದೇ ಅನ್ಕೊಂಡಿದ್ದೆ. ಅಲ್ಲ. ಇಂಗ್ಲೆಂಡಿನೋರಿಗೆ ಮನೆ ಬಿಟ್ಟು ಹೊರಡೋಕಾಗಲ್ಲ. ಇವ್ರಿಗೆ ಹೋಗಿ ಸೇರೋಕೆ ಮನೆ ಇಲ್ಲ. ಇಬ್ರೂ ಅದಕ್ಕೇ ಬರೀತಾರೆ."

ಯಾವುದು ಮೇಲು ಎಂದು ಕೇಳಿದೆ. "ಮೇಲು ಕೀಳು ಯಾಕಪ್ಪ? ಸಂಕಟ ಬೇರೆ ಬೇರೆ" ಎಂದಳು. ಆಮೇಲೆ, "ನಂಗೆ ಕೇಳಿದ್ರೆ, ಇಂಗ್ಲೆಂಡಿನೋನ ಮಾತು ಚೆನ್ನ, ಅಮೆರಿಕಾದೋನ ಕೈ ಚೆನ್ನ" ಎಂದು ಸೇರಿಸಿದಳು. ರೈಲಿನಲ್ಲಿ ಹಿಂದಿರುಗುವಾಗ ಈ ಮಾತುಗಳನ್ನು ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿಗೆ ತಿರುಗಿಸಿ ಬರೆದುಕೊಂಡೆ. ಯಾಕೆ ಬರೆದುಕೊಂಡೆ ಎಂದು ಆಗ ಕೇಳಿದ್ದರೆ ಮರೆಯಬಾರದೆಂದು ಹೇಳುತ್ತಿದ್ದೆ. ಅವಳ ಹೆಸರಿನಲ್ಲಿ ಬರೆದುಕೊಳ್ಳಲಿಲ್ಲ ಎನ್ನುವುದು ಮಾತ್ರ ನಿಜ.

ಯುದ್ಧ ಮುಗಿಯುವ ಹಿಂದಿನ ವರ್ಷ ಮೂರು ತಿಂಗಳು ಅಣ್ಣನ ಕಾಗದ ಬರಲಿಲ್ಲ. ಅವ್ವ ಟಪಾಲಿನವನು ಬರುವ ಹೊತ್ತಿಗೆ ಬೇಕೆಂದೇ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು. ಆ ದಿನಗಳಲ್ಲೇ ನನ್ನ ಕೈಗೆ ಸೋಲ್ಜರುಗಳ ಆ ಅಗಲದ ಪುಸ್ತಕಗಳಲ್ಲೊಂದು ಸಿಕ್ಕಿತು. ಯುದ್ಧಕ್ಕೆ ಹೋದ ಒಬ್ಬ ಸಾಮಾನ್ಯ ಸೋಲ್ಜರ್, ಊರಿನಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯಲ್ಲಿ ದುಡಿಯುವ ಅವನ ಹೆಂಡತಿ, ಇಬ್ಬರ ಕತೆ. ಅರ್ಧ ಓದಿದ್ದಾಗಲೇ ಹೇಳಲು ಶುರು ಮಾಡಿದ್ದು ನನ್ನ ತಪ್ಪು. ಅತ್ತಿಗೆ ಅಂದಿನಷ್ಟು ಮನಸ್ಸಿಟ್ಟು ಎಂದೂ ಕೇಳಿರಲಿಲ್ಲ. ಆ ಹೆಂಡತಿ ಪರರ ಅಂಗಿಗಳಿಗೆ ಇಸ್ತ್ರಿ ಹಾಕುತ್ತಾ ಒಂದೊಂದು ಅಂಗಿಯ ಅಳತೆಯನ್ನು ತನ್ನ ಗಂಡನ ಭುಜಕ್ಕೆ ಹೋಲಿಸಿ ನೋಡುವ ಜಾಗದಲ್ಲಿ ಅತ್ತಿಗೆ ಕೈಯೆತ್ತಿ ತಡೆದು, "ಅದನ್ನ ಇನ್ನೊಂದ್ಸಲ ಹೇಳು" ಎಂದಳು.

ಉಳಿದದ್ದನ್ನು ಮುಂದಿನ ಶನಿವಾರ ರೈಲಿನಲ್ಲಿ ಓದಿ ಮುಗಿಸಿದೆ. ಅವನು ಸಾಯುತ್ತಾನೆ. ಒಂದು ಚಿಕ್ಕ ಹಳ್ಳ ದಾಟುವಾಗ, ಒಂದೇ ವಾಕ್ಯದಲ್ಲಿ, ಆರ್ಭಟವಿಲ್ಲದೆ. ಆಮೇಲೂ ಕತೆ ಹತ್ತು ಪುಟ ಮುಂದುವರಿಯುತ್ತದೆ. ಊರಿಗೆ ಇನ್ನೂ ಸುದ್ದಿ ಬಂದಿಲ್ಲ. ಅವಳು ಇಸ್ತ್ರಿ ಹಾಕುತ್ತಲೇ ಇದ್ದಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ದೊಡ್ಡಬಳ್ಳಾಪುರದ ಸ್ಟೇಷನ್ನಿನಲ್ಲಿ ಇಳಿದವನು ಮನೆಗೆ ಹೋಗದೆ ಅರ್ಧ ಗಂಟೆ ಬೆಂಚಿನ ಮೇಲೆ ಕೂತಿದ್ದೆ.

ಭಾನುವಾರ ಊಟ ಮುಗಿಯುವುದನ್ನೇ ಕಾದಿದ್ದು ಅತ್ತಿಗೆ ಕೇಳಿದಳು: "ಬಂದ್ನಾ?"

"ಬಂದ" ಎಂದೆ. ಒಮ್ಮೆ ಆ ಮಾತು ಬಾಯಿಂದ ಬಿದ್ದ ಮೇಲೆ ಉಳಿದದ್ದು ತಾನೇ ಬಂತು. ಕಾಲಿಗೆ ಗಾಯವಾಗಿ, ಗೂಡ್ಸ್ ರೈಲಿನಲ್ಲಿ ಬಂದು, ಕುಂಟುತ್ತಾ ಹೋಗಿ ಅಂಗಡಿಯ ಬಾಗಿಲಲ್ಲಿ ನಿಂತ. ಅವಳು ಇಸ್ತ್ರಿಪೆಟ್ಟಿಗೆ ಹಾಗೇ ಬಿಟ್ಟು ಓಡಿದಳು. ಅಂಗಿ ಸುಟ್ಟುಹೋಯಿತು. ಅಂಗಿ ಸುಟ್ಟದ್ದು ನನ್ನದೇ ಕಲ್ಪನೆ, ಅದರ ಬಗ್ಗೆ ನನಗೆ ಹೆಮ್ಮೆಯೂ ಆಯಿತು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇದು ಅವ್ನು ಬರ್ದಿದ್ದಲ್ಲ."

"ಅವನೇ ಬರೆದಿದ್ದು ಅತ್ತಿಗೆ."

"ಇಷ್ಟೊತ್ತೂ ಅವ್ನು ಯಾರ್ನೂ ಅಳಿಸ್ಬೇಕು, ಯಾರ್ನೂ ನಗಿಸ್ಬೇಕು ಅಂತ ಬರ್ದಿಲ್ಲ. ಕೊನೇಲಿ ಮಾತ್ರ ಬರ್ದ್ನಾ?"

ನನಗೆ ಸಿಟ್ಟು ಬಂತು. ಸಿಕ್ಕಿಬಿದ್ದವನ ಸಿಟ್ಟು. "ಬೇಕಾದ್ರೆ ನೀನೇ ನೋಡ್ಕೋ" ಎಂದು ಪುಸ್ತಕದ ಕೊನೆಯ ಪುಟ ತೆರೆದು ಅವಳ ಮುಂದೆ ಹಿಡಿದೆ. ಅವಳಿಗೆ ಇಂಗ್ಲಿಷ್ ಓದಲು ಬರುವುದಿಲ್ಲವೆಂದು ತಿಳಿದೇ ಹಿಡಿದೆ. ಅವಳು ಪುಸ್ತಕ ತೆಗೆದುಕೊಂಡಳು. ಕೊನೆಯ ಪುಟವನ್ನು ಮೇಲಿನಿಂದ ಕೆಳಗಿನವರೆಗೆ, ಓದುವವರ ಹಾಗೆಯೇ, ಸಾಲು ಸಾಲಾಗಿ ನೋಡಿದಳು. ಆಮೇಲೆ ಮುಚ್ಚಿ ನನ್ನ ಕೈಗೆ ಕೊಟ್ಟು, "ಸರಿ ಬಿಡಪ್ಪ" ಎಂದು ಎದ್ದು ಹೋದಳು.

ಹದಿನೈದು ದಿನಕ್ಕೆ ಅಣ್ಣನ ಕಾಗದ ಬಂತು. ಜ್ವರ ಬಂದು ಆಸ್ಪತ್ರೆಯಲ್ಲಿದ್ದನಂತೆ. ಮನೆಯಲ್ಲಿ ಎಲ್ಲರಿಗೂ ಹೋದ ಜೀವ ಬಂದಂತಾಯಿತು. ನನ್ನ ಸುಳ್ಳಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅದೇ ವರ್ಷ ಕಾಲೇಜಿನಲ್ಲಿ ಪ್ರಬಂಧದ ಸ್ಪರ್ಧೆ ಇಟ್ಟರು. ಬ್ರಿಟಿಷ್ ಮತ್ತು ಅಮೆರಿಕನ್ ಕಾದಂಬರಿಗಳ ಗುಣ ತಾರತಮ್ಯ ಎಂದು ವಿಷಯ. ಕಾಲೇಜಿನಲ್ಲಿ ಅಮೆರಿಕದವರನ್ನು ಓದಿದ್ದವರು ಬೆರಳೆಣಿಕೆಯಷ್ಟು ಜನ. ನಾನು ಒಂದು ವಾರ ಕ್ಲಾಸು ತಪ್ಪಿಸಿ ಬರೆದೆ. ನನ್ನ ಸ್ವಂತದ್ದೆಂದು ಬರೆದ ಪುಟಗಳು ಪ್ರೊಫೆಸರರ ಪಾಠದ ನೋಟ್ಸನ್ನು ಹಿಂದು ಮುಂದು ಮಾಡಿದ ಹಾಗಿದ್ದವು. ಓದಿದರೆ ನನಗೇ ಆಕಳಿಕೆ. ಆಗ ರೈಲಿನ ನೋಟ್‌ಬುಕ್ ತೆಗೆದೆ. ಟೀ ಕಾಸಿದವಳು ಬಂದಳು, ಮೋಡದ ಮಾತು ಬಂತು, ಅಜ್ಜಿ ಇಲ್ಲದವರು ಬಂದರು, ಮಾತು ಚೆನ್ನ ಕೈ ಚೆನ್ನ ಎನ್ನುವುದು ಬಂತು. ಹೊರಡಲಾಗದವರು, ಹೋಗಿ ಸೇರಲು ಮನೆಯಿಲ್ಲದವರು ಎನ್ನುವುದನ್ನು ಮುಕ್ತಾಯಕ್ಕೆ ಇಟ್ಟೆ. ಇಷ್ಟು ಸಾಲದೆಂದು ಸೋಲ್ಜರನ ಕಾದಂಬರಿಯನ್ನೂ ತಂದು, ಓದುಗನನ್ನು ಸಮಾಧಾನ ಮಾಡಲು ಸುಳ್ಳು ಹೇಳದಿರುವುದೇ ಅಮೆರಿಕದ ಲೇಖಕನ ದೊಡ್ಡ ಗುಣ ಎಂದು ಬರೆದೆ. ಅದನ್ನು ಎಲ್ಲೂ ತಡೆಯದೆ ಒಂದೇ ಓಟಕ್ಕೆ ಬರೆದೆ. ಇವತ್ತು ನೆನೆದರೆ ಅದೇ ಆಶ್ಚರ್ಯ.

ಮೊದಲ ಬಹುಮಾನ ನನಗೇ ಬಂತು. ಪ್ರೊಫೆಸರರು ತಮ್ಮ ಕೋಣೆಗೆ ಕರೆಸಿ ಎದುರಿಗೆ ಕುರ್ಚಿ ಕೊಟ್ಟರು. ಅದುವರೆಗೆ ಅವರ ಮುಂದೆ ಯಾವ ವಿದ್ಯಾರ್ಥಿಯೂ ಕೂತದ್ದನ್ನು ನಾನು ನೋಡಿರಲಿಲ್ಲ.

"ಈ ಅಜ್ಜಿಯ ವಿಚಾರ ನೀವು ಎಲ್ಲಿ ಓದಿದಿರಿ?"

"ಎಲ್ಲೂ ಓದಲಿಲ್ಲ ಸರ್."

"ಮತ್ತೆ?"

"ನನಗೇ ಹೊಳೆಯಿತು ಸರ್."

"ನಿಮ್ಮ ಮನೆಯಲ್ಲಿ ಸಾಹಿತ್ಯ ಓದಿಕೊಂಡವರು ಯಾರಾದರೂ ಇದ್ದಾರೆಯೇ?"

"ಯಾರೂ ಇಲ್ಲ ಸರ್. ನೇಕಾರರು. ಓದು ಬರಹ ಅಷ್ಟಕ್ಕಷ್ಟೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದರೆ ಇದು ಇನ್ನೂ ದೊಡ್ಡದು" ಎಂದರು. ಮನೆಯವರ ಅನಕ್ಷರತೆಯೂ ನನ್ನ ಲೆಕ್ಕಕ್ಕೇ ಸೇರಿತು. ಪದವಿ ಮುಗಿಸಿದ ಕೂಡಲೇ ಅದೇ ಕಾಲೇಜಿನಲ್ಲಿ ಟ್ಯೂಟರ್ ಕೆಲಸ ಕೊಡಿಸುವುದಾಗಿ ಅವತ್ತೇ ಮಾತು ಕೊಟ್ಟರು. ಕೊಡಿಸಿದರು ಕೂಡ. ಒಳ್ಳೆಯವರು. ಅಂದು ನಿಜ ಹೇಳಿದ್ದರೂ ಕೊಡಿಸುತ್ತಿದ್ದರೇನೋ. ಆ ಅನುಮಾನವೇ ನನ್ನನ್ನು ಹೆಚ್ಚು ಕಾಡಿದ್ದು.

ಪ್ರಬಂಧ ಕಾಲೇಜಿನ ಮ್ಯಾಗಜೀನಿನಲ್ಲಿ ಅಚ್ಚಾಯಿತು. ಊರಿಗೆ ತಂದೆ. ಅಪ್ಪ ಅದನ್ನು ಬೀದಿಯ ಎಲ್ಲ ಮನೆಗೂ ತೋರಿಸಿ ಬಂದ. ಅಚ್ಚಾದ ನನ್ನ ಹೆಸರಿನ ಮೇಲೆ ಅವ್ವ ಬೆರಳಿಟ್ಟು ನೋಡಿದಳು. ಊಟವಾದ ಮೇಲೆ ಅತ್ತಿಗೆ ಕೇಳಿದಳು:

"ಏನ್ ಬರ್ದಿದ್ದೀಯ? ಹೇಳು, ಕೇಳೋಣ."

ಓದಿ ಹೇಳಲು ಕೂತೆ. ಕನ್ನಡಕ್ಕೆ ತಿರುಗಿಸುತ್ತಾ ಹೋದಂತೆ ಅವಳ ಮಾತು ಬರುವ ಜಾಗಗಳು ಒಂದೊಂದಾಗಿ ಎದುರಾದವು. ಒಂದೊಂದನ್ನೂ ಹಾರಿಸಿದೆ. ಟೀ ಹಾರಿತು, ಮೋಡ ಹಾರಿತು, ಅಜ್ಜಿ ಹಾರಿತು. ಹನ್ನೆರಡು ಪುಟ ಹತ್ತು ನಿಮಿಷಕ್ಕೆ ಮುಗಿಯಿತು. ಮುಕ್ತಾಯವನ್ನು ಅಲ್ಲೇ ಏನೋ ಕಟ್ಟಿ ಹೇಳಿದೆ.

"ಇಷ್ಟೇನಾ?"

"ಇಷ್ಟೇ."

"ಇಷ್ಟಕ್ಕೇ ಬಹುಮಾನ ಕೊಟ್ರಾ?" ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿ ಆಶ್ಚರ್ಯಪಟ್ಟಿದ್ದಳು. ನನ್ನ ಮನಸ್ಸಿಗೆ ನೋವಾದೀತೆಂದು ಮೆತ್ತಗೆ ಹೇಳಿದಳು: "ಅಜ್ಜಿ ವಿಷ್ಯ ಹಾಕ್ಬೇಕಿತ್ತು ಕಣಪ್ಪ. ಟೀ ವಿಷ್ಯಾನೂ. ಇನ್ನೂ ಚೆನ್ನಾಗಿರ್ತಿತ್ತು."

ಆಗಲಾದರೂ ಹೇಳಬಹುದಿತ್ತು. ಪುಸ್ತಕ ತೊಡೆಯ ಮೇಲೆಯೇ ಇತ್ತು, ಆ ಪುಟವೇ ತೆರೆದಿತ್ತು. ಹಾಕಿದ್ದೇನೆ ಅತ್ತಿಗೆ, ಬಹುಮಾನ ಬಂದದ್ದೇ ಅದಕ್ಕೆ ಎಂದಿದ್ದರೆ ಸಾಕಿತ್ತು. ಅವಳಿಗೆ ಅದೆಷ್ಟು ಸಂತೋಷವಾಗುತ್ತಿತ್ತೋ. ನಾನು ಹೇಳಿದ್ದು ಬೇರೆ.

"ಅಂಥವೆಲ್ಲ ಅಲ್ಲಿ ನಡೆಯಲ್ಲ ಅತ್ತಿಗೆ. ಅದು ದೊಡ್ಡ ಓದು."

ಅವಳ ಮುಖ ಸಣ್ಣದಾಯಿತು. "ಹೌದಲ್ವಾ, ನಂದೇನು" ಎಂದು ಮಗ್ಗಕ್ಕೆ ಇಳಿದಳು.

ಯುದ್ಧ ಮುಗಿದ ಮೇಲೂ ಅಣ್ಣನಿಗೆ ಬಿಡುಗಡೆಯಾಗಲು ಎಂಟು ಹತ್ತು ತಿಂಗಳು ಹಿಡಿಯಿತು. ಬಂದವನು ಒಣಗಿದ್ದ, ಕಪ್ಪಾಗಿದ್ದ, ಎಡಗಿವಿ ಅಷ್ಟಾಗಿ ಕೇಳುತ್ತಿರಲಿಲ್ಲ. ಆದರೆ ಮಿಲಿಟರಿಯಲ್ಲಿ ಅಷ್ಟಿಷ್ಟು ಇಂಗ್ಲಿಷ್ ಕಲಿತಿದ್ದ. ಬೋರ್ಡು ಓದುತ್ತಿದ್ದ, ಡಬ್ಬಗಳ ಮೇಲಿನ ಅಕ್ಷರ ಓದುತ್ತಿದ್ದ. ತಮ್ಮ ಬರೆದದ್ದು ಅಚ್ಚಾಗಿದೆ ಎಂದರೆ ಬಿಡುತ್ತಾನೆಯೇ? ನಾನಿಲ್ಲದ ಒಂದು ಮಧ್ಯಾಹ್ನ ಗೂಡಿನಿಂದ ಮ್ಯಾಗಜೀನ್ ತೆಗೆದು, ಹೆಂಡತಿಯ ಎದುರು ಕೂತು, ಅರ್ಥವಾದ ಒಂದೊಂದೇ ಪದವನ್ನು ಕೂಡಿಸಿ ಓದಿದನಂತೆ. ಗ್ರಾಂಡ್‌ಮದರ್ ಎಂದು ಓದಿ ಅಜ್ಜಿ ಎಂದನಂತೆ. ಟೀ ಎಂದನಂತೆ. ಸರ್ವೆಂಟ್ ಎಂದು ಓದಿ ಆಳು ಎಂದನಂತೆ. ಅತ್ತಿಗೆ ಆ ಸಾಲುಗಳನ್ನು ಎರಡೆರಡು ಸಲ ಓದಿಸಿದಳಂತೆ. ಅವನಿಗೇನೂ ಗೊತ್ತಿಲ್ಲ. "ನಿಮ್ಮತ್ತಿಗೆಗೆ ನಿನ್ನ ಬರವಣಿಗೆ ಎಷ್ಟು ಇಷ್ಟ ಕಣೋ" ಎಂದು ಆ ಶನಿವಾರ ಸ್ಟೇಷನ್ನಿಗೇ ಬಂದು ನನಗೆ ಹೇಳಿದ. ಮನೆಯ ದಾರಿ ನನಗೆ ಅಷ್ಟು ಉದ್ದ ಎಂದೂ ಆಗಿರಲಿಲ್ಲ.

ಅವಳು ಮರುದಿನ ಹಿತ್ತಿಲಿನಲ್ಲಿ ಗಂಜಿ ಹಾಕಿದ ನೂಲನ್ನು ಒಣಹಾಕುತ್ತಿದ್ದಳು. ನಾನೇ ಹೋಗಿ ನಿಂತೆ. ಅವಳು ನೂಲಿನಿಂದ ಕಣ್ಣು ಎತ್ತಲಿಲ್ಲ.

"ನಡೀತಂತಲ್ಲಪ್ಪ, ಅಜ್ಜಿ ವಿಷ್ಯ."

"ಅತ್ತಿಗೆ, ತಪ್ಪಾಯ್ತು."

"ನನ್ ಮಾತು ಹಾಕ್ಕೊಂಡಿದ್ದಕ್ಕೆ ನಂಗೇನೂ ಇಲ್ಲ. ಮನೆ ಮಾತು, ಮನೆ ಹುಡುಗ ತಗೊಂಡ. ಹೆಸ್ರು ಹಾಕ್ಬೇಕಿತ್ತು ಅಂತಾನೂ ನಾನು ಅನ್ನಲ್ಲ, ಆ ಕಾಲೇಜಲ್ಲಿ ನನ್ ಹೆಸ್ರು ತಗೊಂಡು ಏನ್ ಮಾಡ್ತಾರೆ? ಆದ್ರೆ ನಡೆಯಲ್ಲ ಅಂದ್ಯಲ್ಲ. ಅದ್ಯಾಕಂದೆ?"

ಒದ್ದೆ ನೂಲಿನಿಂದ ಗಂಜಿ ಹನಿಯುತ್ತಿತ್ತು. ಅವಳು ಕೊನೆಯ ಎಳೆಯನ್ನೂ ಕೋಲಿಗೆ ಹರಡಿ ಕೈ ಒರೆಸಿಕೊಂಡಳು.

"ಇನ್ನೊಂದು ಕೇಳ್ತೀನಿ, ಈಗ ನಿಮ್ಮಣ್ಣ ಬಂದಾಯ್ತು. ಆ ಇಸ್ತ್ರಿ ಹಾಕೋಳ ಗಂಡ, ಪುಸ್ತಕದಲ್ಲಿ ಬಂದ್ನಾ?"

"ಇಲ್ಲ. ಸತ್ತ."

"ಗೊತ್ತಿತ್ತು." ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಆ ಸುಳ್ಳಿಗೆ ನಂಗೆ ಬೇಜಾರಿಲ್ಲ. ಅದು ನಂಗೋಸ್ಕರ ಹೇಳ್ದೆ. ಇದು?"

ಒಳಗಿನಿಂದ ಅಣ್ಣ ಯಾರನ್ನೋ ಕೂಗಿದ. ಅವಳು ಒಳಗೆ ಹೋದಳು.

ಆಮೇಲೆ ಅವಳು ನನ್ನೊಡನೆ ಮಾತು ಬಿಟ್ಟಳು ಎಂದೇನಲ್ಲ. ಬಂದರೆ ಬಿಸಿ ಮುದ್ದೆ ಬಡಿಸುತ್ತಿದ್ದಳು. ನನ್ನ ಮದುವೆಗೆ ತಾನೇ ನೇಯ್ದ ಸೀರೆ ಕೊಟ್ಟಳು. ಕತೆ ಹೇಳು ಎಂದು ಮಾತ್ರ ಮತ್ತೆ ಕೇಳಲಿಲ್ಲ. ನಿಧಾನವಾಗಿ ನೂಲಿನ ತೊಂದರೆ ಕಡಿಮೆಯಾಗಿ ಮಗ್ಗಗಳು ಮತ್ತೆ ಓಡತೊಡಗಿದವು. ಅತ್ತಿಗೆಗೆ ಒಂದು ಹೆಣ್ಣು ಮಗು ಹುಟ್ಟಿತು. ಅವಳಿಗೆ ಭಾನುವಾರವೂ ಉಳಿದ ದಿನಗಳಂತೆಯೇ ಕೆಲಸದ ದಿನವಾಯಿತು. ಬಿಡುವಿಲ್ಲದ್ದರಿಂದ ಕೇಳುತ್ತಿಲ್ಲ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ.

ಕಾಲೇಜಿನಲ್ಲಿ ಪ್ರತಿವರ್ಷ ಬ್ರಿಟಿಷರು ಮತ್ತು ಅಮೆರಿಕದವರು ಎಂಬ ಪಾಠವನ್ನು ನನಗೇ ಕೊಡುತ್ತಿದ್ದರು. ಪ್ರತಿವರ್ಷವೂ ಆ ಮಾತುಗಳನ್ನೇ ಹೇಳುತ್ತಿದ್ದೆ. ಹುಡುಗರು ತಲೆದೂಗಿ ಬರೆದುಕೊಳ್ಳುತ್ತಿದ್ದರು. ಪಾಠ ಶುರುಮಾಡುವ ಮುಂಚೆ ಇದು ನನ್ನದಲ್ಲ ಎಂದು ಹೇಳಬೇಕೆಂದುಕೊಂಡು ಎಷ್ಟೋ ಸಲ ಕ್ಲಾಸಿಗೆ ಹೋಗಿದ್ದೇನೆ. ಒಂದು ಸಲವೂ ಹೇಳಲಿಲ್ಲ. ಒಂದು ವರ್ಷ ಹೇಳದವನಿಗೆ ಮರುವರ್ಷ ಹೇಳುವುದು ಎರಡರಷ್ಟು ಕಷ್ಟ.

ನಲವತ್ತರ ದಶಕದ ಕೊನೆಯಲ್ಲಿ ನನಗೆ ದೂರದ ಊರಿನ ಕಾಲೇಜಿಗೆ ವರ್ಗವಾಯಿತು. ಹೊರಡುವ ಮುಂಚಿನ ಭಾನುವಾರ ಊರಿಗೆ ಹೋದೆ. ಚೀಲದಲ್ಲಿ ಹೊಸದೊಂದು ಅಮೆರಿಕನ್ ಕಾದಂಬರಿಯಿತ್ತು. ಯಾರೂ ಕೇಳದೆಯೇ, ಅವಳು ನೇಯುತ್ತಿದ್ದ ಮಗ್ಗದ ಪಕ್ಕದಲ್ಲಿ ಕೂತು ಹೇಳಲು ಶುರು ಮಾಡಿದೆ. ಏನೂ ಬಿಡದೆ, ಏನೂ ಸೇರಿಸದೆ ಹೇಳಿದೆ. ಗಂಟಲು ಕಟ್ಟುವವರೆಗೆ ಹೇಳಿದೆ. ನಡುವೆ ಎಲ್ಲಾದರೂ ತಡೆಯುತ್ತಾಳೆ, ಅವಳ ಹೆಸರೇನು, ಅವನು ಎಲ್ಲಿ ಮಲಗಿದ ಎಂದು ಕೇಳುತ್ತಾಳೆ ಎಂದು ಕಾದೆ. ಲಾಳಿ ಒಂದೇ ಸಮನೆ ಓಡುತ್ತಿತ್ತು. ಕತೆ ಮುಗಿಯಿತು.

"ಚೆನ್ನಾಗಿದೆ ಕಣಪ್ಪ" ಎಂದಳು.

ಅಷ್ಟೇ. ಅದುವರೆಗೆ ಯಾವ ಪುಸ್ತಕಕ್ಕೂ ಅವಳು ಬರೀ ಅಷ್ಟು ಹೇಳಿ ಸುಮ್ಮನಾದದ್ದಿಲ್ಲ. ಮಗಳು ಅಳುತ್ತಾ ಬಂದಿದ್ದರಿಂದ ಮಗ್ಗದಿಂದ ಎದ್ದು ಅವಳನ್ನು ಎತ್ತಿಕೊಂಡು, ರೈಲಿ‌ಗೆ ಹೊತ್ತಾಗುತ್ತೆ, ಊಟಕ್ಕೆ ಏಳು ಎಂದಳು. ನಾನು ಕೈತೊಳೆಯಲು ಹಿತ್ತಿಲಿಗೆ ಹೋದೆ.